ಬೊಗ್ಗನ ಪಾಸ್‌ಬುಕ್ಕು

ಕನ್ನಡದಲ್ಲಿ ಪಟ್ಟಿ ಎಂದರೆ ಯಾದಿ. ಮಲಯಾಳದಲ್ಲಿ ಪಟ್ಟಿ ಎಂದರೆ ನಾಯಿ. ಈ ಒಂದು ಶಬ್ದ ಗಡಿನಾಡಿನ ಕಚೇರಿಗಳಲ್ಲಿ ಮಾಡಿರುವ ಅವಾಂತರಗಳನ್ನು ಬರೆಯ ಹೊರಟರೆ ಅದೇ ಒಂದು ಪುಸ್ತಕವಾದೀತು. 'ಸಾಲಗಾರರ ಪಟ್ಟಿ ಎಲ್ಲುಂಟು?' ಎಂದು ಬ್ಯಾಂಕಿನ ಕೌಂಟರಿನಲ್ಲಿ ಗಟ್ಟಿಯಾಗಿ ಕೇಳಿದರೆ ಎದುರು ನಿಂತ ಹತ್ತು ಮಂದಿಯಲ್ಲಿ ಐವರು ನಗುತ್ತಾರೆ, ಇಬ್ಬರು ಸಿಟ್ಟಾಗುತ್ತಾರೆ, ಉಳಿದ ಮೂವರು ಯಾಕೆ ನಗುವುದೆಂದು ತಿಳಿಯದೆ ಪಕ್ಕದವರ ಮುಖ ನೋಡುತ್ತಾರೆ. ಹೀಗಾಗಿ ಇಪ್ಪತ್ತು ವರ್ಷಗಳಿಂದ ಗುಮಾಸ್ತಗಿರಿ ಮಾಡುತ್ತಿರುವ ನಾನು 'ಲಿಸ್ಟು' ಎಂಬ ಮೂರನೆಯ ಭಾಷೆಯ ಶಬ್ದಕ್ಕೆ ಶರಣಾಗಿ ಬಹಳ ಕಾಲವಾಯಿತು.

ನಾಯಿಯ ಬಗ್ಗೆ ನಮ್ಮ ಹಿರಿಯರಿಗೆ ಗೌರವವಿರಲಿಲ್ಲವೆಂದು ಮಾತ್ರ ಯಾರೂ ಹೇಳಬಾರದು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತು ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿರುವ ಹತ್ತನೆಯ ಶತಮಾನದ ಕನ್ನಡ ಶಾಸನವೊಂದರಲ್ಲಿ ಕಾಳಿ ಎಂಬ ಬೇಟೆನಾಯಿಯ ಕಥೆಯುಂಟು. ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನಿಗೆ ಗಂಗ ದೊರೆ ಇಮ್ಮಡಿ ಬೂತುಗ 'ಏನು ಬೇಕು' ಎಂದು ಕೇಳಿದಾಗ ಆತ ಕೇಳಿಕೊಂಡದ್ದು ಆ ನಾಯಿಯನ್ನು. ಕಾಡುಹಂದಿಯೊಂದರ ಮೇಲೆ ಬಿಟ್ಟಾಗ ಹಂದಿಯೂ ಕಾಳಿಯೂ ಒಂದನ್ನೊಂದು ಕೊಂದು ಸತ್ತವು. ನಾಯಿಯ ನೆನಪಿಗೆ ಕಲ್ಲು ನೆಟ್ಟರು. ನಮ್ಮಿಂದ ತೆಂಕಕ್ಕೆ ಹೋದರೆ ಕಣ್ಣೂರು ಜಿಲ್ಲೆಯ ಪರಶ್ಶಿನಿಕಡವಿನಲ್ಲಿ ಮುತ್ತಪ್ಪನ ಸನ್ನಿಧಿ. ಅಲ್ಲಿ ಬಾಗಿಲ ಬಳಿ ಎರಡು ಕಂಚಿನ ನಾಯಿಗಳು. ಒಳಗೆ ಜೀವಂತ ನಾಯಿಗಳಿಗೂ ಯಾರ ತಡೆಯಿಲ್ಲ. ಹೀಗೆ ಬಡಗಿನ ಕನ್ನಡಿಗರೂ ತೆಂಕಿನ ಮಲಯಾಳಿಗಳೂ ಕಲ್ಲಿನಲ್ಲಿ, ಕಂಚಿನಲ್ಲಿ ನಾಯಿಯನ್ನು ಮೆರೆಸಿದ್ದಾರೆ. ಕಷ್ಟವಿರುವುದು ರಕ್ತಮಾಂಸದ ನಾಯಿಯ ವಿಚಾರದಲ್ಲಿ.

ನಮ್ಮಲ್ಲಿ ತೋಟವಿದ್ದ ಮನೆಯೆಂದರೆ ನಾಯಿ ಇದ್ದ ಮನೆ. ಆದರೆ ದನಕ್ಕೆ ಹೊಟ್ಟೆಯುಬ್ಬರವಾದರೆ ಮಧ್ಯರಾತ್ರಿ ಟಾರ್ಚು ಹಿಡಿದು ಓಡುವ ನಾವು, ನಾಯಿ ಮೂರು ದಿನ ಮಲಗಿದರೆ 'ಅದಕ್ಕೆಂತ, ಹುಲ್ಲು ತಿಂದು ಸರಿಯಾಗುತ್ತದೆ' ಎನ್ನುತ್ತೇವೆ. ಕೆಲವು ಸಲ ಸರಿಯಾಗುವುದೂ ಉಂಟು. ಸರಿಯಾಗದವುಗಳ ಲೆಕ್ಕ ಯಾರೂ ಇಟ್ಟಿಲ್ಲ. ಲೆಕ್ಕವಿಡುವುದೇ ನನ್ನ ಹೊಟ್ಟೆಪಾಡಾದ್ದರಿಂದ, ಆರು ವರ್ಷಗಳ ಹಿಂದೆ ನಮ್ಮ ಮನೆಗೆ ಬೊಗ್ಗ ಎಂಬ ಊರನಾಯಿಯ ಮರಿ ಬಂದಾಗ ನಾನು ಮೊದಲು ಮಾಡಿದ ಕೆಲಸ ಅವನ ಹೆಸರಿನಲ್ಲಿ ಒಂದು ಪುಸ್ತಕ ತೆರೆದದ್ದು. ಮೃಗಾಸ್ಪತ್ರೆಯಲ್ಲಿ ಕೊಡುವ ಚುಚ್ಚುಮದ್ದಿನ ಕಾರ್ಡಿಗೆ ಹಳೆಯ ಪಾಸ್‌ಬುಕ್ಕಿನ ಪ್ಲಾಸ್ಟಿಕ್ ಹೊದಿಕೆ ಹಾಕಿ ಕಪಾಟಿನಲ್ಲಿಟ್ಟೆ.

"ಎಂತದು ಮಾರಾಯ, ನಾಯಿಗೂ ಪಾಸ್‌ಬುಕ್ಕಾ?" ಎಂದು ಅಮ್ಮ ನಕ್ಕರು.

"ಹೌದಮ್ಮ, ಇದು ಆರ್.ಡಿ. ಖಾತೆ. ಕಂತು ತಪ್ಪಿದರೆ ಮೆಚ್ಯುರಿಟಿ ಇಲ್ಲ" ಎಂದೆ.

ತಮಾಷೆಗೆ ಹೇಳಿದರೂ ಮಾತು ನಿಜ. ಮರಿಗೆ ಆರರಿಂದ ಎಂಟು ವಾರವಾದಾಗ ಪಾರ್ವೋ, ಡಿಸ್ಟೆಂಪರ್ ಮುಂತಾದ ರೋಗಗಳ ವಿರುದ್ಧ ಮೊದಲ ಚುಚ್ಚುಮದ್ದು. ಆಮೇಲೆ ಮೂರು-ನಾಲ್ಕು ವಾರಕ್ಕೊಮ್ಮೆ ಅದೇ ಮದ್ದು, ಹದಿನಾರು ವಾರ ತುಂಬುವವರೆಗೆ. ತಾಯಿಯ ಹಾಲಿನಿಂದ ಬಂದ ರಕ್ಷಣೆ ಒಂದೊಂದು ಮರಿಯಲ್ಲಿ ಒಂದೊಂದು ವಾರಕ್ಕೆ ಮುಗಿಯುತ್ತದೆ; ಅದು ಇರುವಷ್ಟು ಕಾಲ ಮದ್ದು ಹಿಡಿಯುವುದಿಲ್ಲ. ಯಾವ ವಾರ ಮುಗಿಯಿತೆಂದು ಹೊರಗಿನಿಂದ ತಿಳಿಯದಿರುವುದರಿಂದ ಮತ್ತೆ ಮತ್ತೆ ಹಾಕುವುದು. ಮೂರು ತಿಂಗಳಿಗೆ ರೇಬೀಸಿನ ಚುಚ್ಚುಮದ್ದು, ಡಾಕ್ಟರು ಹೇಳಿದ ದಿನಕ್ಕೆ ಅದರ ಎರಡನೆಯದು, ಮುಂದೆ ವರ್ಷ ವರ್ಷ. ಹುಳದ ಮದ್ದು ಮರಿಗೆ ಮೂರು ತಿಂಗಳಾಗುವವರೆಗೆ ಎರಡು ವಾರಕ್ಕೊಮ್ಮೆ, ಆರು ತಿಂಗಳವರೆಗೆ ತಿಂಗಳಿಗೊಮ್ಮೆ, ಆಮೇಲೆ ಮೂರು ತಿಂಗಳಿಗೊಮ್ಮೆ. ಮರಿ ರಕ್ತ ಭೇದಿ ಮಾಡಿ ಎರಡು ದಿನದಲ್ಲಿ ಸತ್ತರೆ ನಮ್ಮ ಕಡೆ 'ದೃಷ್ಟಿಯಾಯಿತು' ಎನ್ನುತ್ತಾರೆ. 1978ರ ಸುಮಾರಿಗೆ ಲೋಕದ ತುಂಬ ಹಬ್ಬಿದ ಪಾರ್ವೋ ಎಂಬ ರೋಗಾಣುವಿನ ಕೆಲಸ ಅದು. ಮರಿಯ ಕುತ್ತಿಗೆಗೆ ಕಟ್ಟಿದ ಕಪ್ಪು ನೂಲು ಅದನ್ನು ತಡೆಯುವುದಿಲ್ಲ. ಅಂದಹಾಗೆ, ಕೇರಳದಲ್ಲಿ ಸಾಕುನಾಯಿಗೆ ಪಂಚಾಯತಿನ ಲೈಸನ್ಸ್ ಕೂಡ ಬೇಕು. ಅದಕ್ಕೆ ಮೊದಲು ಕೇಳುವುದು ರೇಬೀಸ್ ಚುಚ್ಚುಮದ್ದಿನ ಕಾಗದವನ್ನೇ.

ಇನ್ನು ಊಟದ ವಿಚಾರ. ಕುಚ್ಚಲಕ್ಕಿ ಗಂಜಿ, ಅದರ ಮೇಲೆ ನಾಲ್ಕು ಹನಿ ಮಜ್ಜಿಗೆ: ತಲೆಮಾರುಗಳಿಂದ ನಮ್ಮ ಮನೆಗಳ ನಾಯಿಗಳಿಗೆ ಸಂದ ಮೆನು ಇದು. ನಾಯಿ ತೋಳನ ಸಂತಾನವೆಂದೂ ಅನ್ನ ಅದಕ್ಕೆ ವಿಷವೆಂದೂ ಹೇಳುವವರನ್ನು ಈಗ ಪೇಟೆಯಲ್ಲಿ ಕಾಣುತ್ತೇವೆ. ಹಾಗೇನಿಲ್ಲ. ಮನುಷ್ಯನ ಜೊತೆ ಬಾಳಿದ ನಾಯಿಗೆ ಪಿಷ್ಟವನ್ನು ಜೀರ್ಣಿಸುವ ಶಕ್ತಿ ತೋಳಕ್ಕಿಂತ ಬಹಳ ಹೆಚ್ಚೆಂದು, ಅದಕ್ಕೆ ಬೇಕಾದ ವಂಶವಾಹಿಯ ಪ್ರತಿಗಳು ನಾಯಿಯಲ್ಲಿ ಹೆಚ್ಚಿವೆಯೆಂದು 2013ರಲ್ಲಿ ವಿಜ್ಞಾನಿಗಳು ತೋರಿಸಿಕೊಟ್ಟರು. ನಮ್ಮ ಗಂಜಿಯ ಮಾನ ಹಾಗೆ ಉಳಿಯಿತು. ಆದರೆ ಬರೀ ಗಂಜಿ ಸಾಲದು. ಮೈಕಟ್ಟಲು ಸಾರಜನಕದ ಆಹಾರ ಬೇಕು. ಮೀನು ಮಾಂಸದ ಮನೆಗಳಲ್ಲಿ ಮುಳ್ಳು ತೆಗೆದ ಬೇಯಿಸಿದ ಮೀನೋ, ಎಲುಬಿಲ್ಲದ ಕೋಳಿಯೋ ಸಿಗುತ್ತದೆ. ನಮ್ಮಂಥ ಸಸ್ಯಾಹಾರಿಗಳ ಮನೆಯ ನಾಯಿಗೆ ಬೇಯಿಸಿದ ಬೇಳೆ, ಮೊಸರು, ಸಾಧ್ಯವಾದರೆ ಅಂಗಳದ ಕೊನೆಯಲ್ಲಿ ಬೇಯಿಸಿದ ಒಂದು ಮೊಟ್ಟೆ. ಈ ಮೊಟ್ಟೆಯ ವಿಚಾರದಲ್ಲಿ ನಮ್ಮ ಮನೆಯಲ್ಲಿ ಮೂರು ಸುತ್ತಿನ ಮಾತುಕತೆ ನಡೆದು, ಕೊನೆಗೆ ಕೊಟ್ಟಿಗೆಯ ಬದಿಯ ಹಳೆಯ ಕಲ್ಲಿನ ಒಲೆಯಲ್ಲಿ ಬೇಯಿಸಬಹುದೆಂದು ಅಮ್ಮ ಒಪ್ಪಿಗೆ ಕೊಟ್ಟರು. ಒಣಮೀನು ಹಾಕುವವರು ಅದರ ಉಪ್ಪು ಹೋಗುವಂತೆ ನೀರಿನಲ್ಲಿ ನೆನೆಹಾಕಿ ತೊಳೆದು ಹಾಕಬೇಕು.

ಮರಿಗೆ ಮೂರು ತಿಂಗಳಾಗುವವರೆಗೆ ದಿನಕ್ಕೆ ನಾಲ್ಕು ಹೊತ್ತು, ಆರು ತಿಂಗಳವರೆಗೆ ಮೂರು ಹೊತ್ತು, ಆಮೇಲೆ ಎರಡು ಹೊತ್ತು ಸಾಕು. ಹಾಲು ಕೆಲವು ದೊಡ್ಡ ನಾಯಿಗಳಿಗೆ ಹಿಡಿಸುವುದಿಲ್ಲ, ಭೇದಿಯಾಗುತ್ತದೆ, ಮೊಸರು ತಡೆಯುತ್ತದೆ. ಬೇಯಿಸಿದ ಕೋಳಿ ಎಲುಬನ್ನು ಎಂದಿಗೂ ಹಾಕಬಾರದು. ಅದು ಸೂಜಿಯಂತೆ ಸೀಳಿ ಕರುಳನ್ನು ಚುಚ್ಚುತ್ತದೆ. ನೀರುಳ್ಳಿ, ಬೆಳ್ಳುಳ್ಳಿ ರಕ್ತವನ್ನು ಕೆಡಿಸುತ್ತವೆ. ಚಾಕೊಲೇಟು ಎದೆಬಡಿತವನ್ನು ಹೆಚ್ಚಿಸಿ ಕೊಲ್ಲಬಹುದು. ಎಲ್ಲಕ್ಕಿಂತ ಕಡಿಮೆ ಜನರಿಗೆ ತಿಳಿದದ್ದು ದ್ರಾಕ್ಷಿಯ ಸಂಗತಿ: ಹಸಿಯಾಗಲಿ ಒಣಗಿದ್ದಾಗಲಿ ಅದು ಕೆಲವು ನಾಯಿಗಳ ಮೂತ್ರಪಿಂಡವನ್ನು ಹಾಳುಮಾಡುತ್ತದೆ. ಮದುವೆಮನೆಯ ಎಲೆಗಳನ್ನು ತೋಟದ ಬದಿಗೆ ಎಸೆದು, ಪಾಯಸದ ದ್ರಾಕ್ಷಿ ನಾಯಿಯ ಪಾಲಾದಾಗ 'ಅದಕ್ಕೂ ಮದುವೆ ಊಟ' ಎಂದು ನಗುವವರು ಇದನ್ನು ನೆನಪಿಡಬೇಕು. ಮನುಷ್ಯರ ನೋವಿನ ಮಾತ್ರೆಯನ್ನು 'ಅರ್ಧ ಕೊಟ್ಟರೆ ಸಾಕು' ಎಂದು ನಾಯಿಗೆ ನುಂಗಿಸುವುದಂತೂ ಬೇಡವೇ ಬೇಡ.

ವಿಷದ ವಿಚಾರದಲ್ಲಿ ನಮ್ಮ ಜಿಲ್ಲೆಯವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಗೇರುತೋಪುಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ಕಾಲವನ್ನು ಕಂಡವರು ನಾವು; ಮನುಷ್ಯರಿಗಿಂತ ಮೊದಲು ಕರುಗಳು, ಜೇನುಹುಳಗಳು ಅದರ ಸುದ್ದಿ ಹೇಳಿದ್ದವು. ಆದರೂ ಮಳೆಗಾಲದಲ್ಲಿ ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತು ಕರಗಿಸಿದ ಡ್ರಮ್ಮಿಗೆ ಮುಚ್ಚಳ ಹಾಕುವವರು ಕಡಿಮೆ. ಉಣ್ಣಿಗೆಂದು ತೋಟದ ಕೀಟನಾಶಕವನ್ನೇ ನೀರಿಗೆ ಬೆರೆಸಿ ನಾಯಿಗೆ ಮೀಯಿಸುವವರೂ ಇದ್ದಾರೆ. ನಾಯಿ ತನ್ನ ಮೈಯನ್ನು ತಾನೇ ನೆಕ್ಕುವ ಪ್ರಾಣಿ. ಹೊರಗೆ ಹಚ್ಚಿದ್ದೆಲ್ಲ ಒಳಗೂ ಹೋಗುತ್ತದೆ.

ಉಣ್ಣಿ ಎಂದಾಗ ಒಂದು ಸಂಗತಿ ಹೇಳಲೇಬೇಕು. ಎರಡು ವರ್ಷಗಳ ಹಿಂದೆ ಬೊಗ್ಗ ಊಟ ಬಿಟ್ಟು ಮಲಗಿದ. ನಾನು ಬ್ಯಾಂಕಿಗೆ ಹೊರಟಾಗಿತ್ತು. ಅಮ್ಮ ಪಕ್ಕದ ಮನೆಯ ಹುಡುಗನ ಆಟೋದಲ್ಲಿ ಅವನನ್ನು ಮೃಗಾಸ್ಪತ್ರೆಗೆ ಒಯ್ದರು. ಅಲ್ಲಿಯ ಡಾಕ್ಟರು ತೆಂಕು ಕೇರಳದಿಂದ ಹೊಸತಾಗಿ ಬಂದ ಹೆಣ್ಣುಮಗಳು, ಕನ್ನಡದ ಗಾಳಿ ಇಲ್ಲ. ಅಮ್ಮ ಘಟ್ಟದ ಬುಡದ ಊರಿನಿಂದ ಮದುವೆಯಾಗಿ ಬಂದವರು. ಐವತ್ತು ವರ್ಷಗಳಲ್ಲಿ ಅವರಿಗೆ ದಕ್ಕಿದ ಮಲಯಾಳ ಮೀನಿನ ಬುಟ್ಟಿಯವನನ್ನು 'ಬೇಡ' ಎಂದು ಕಳುಹಿಸುವಷ್ಟು ಮಾತ್ರ.

"ಉಣ್ಣಿ ಉಂಡೋ ಅಮ್ಮೇ?" ಎಂದು ಡಾಕ್ಟರು ಕೇಳಿದರು. ಉಣ್ಣಿ ಇದೆಯೇ ಎಂದು ಅವರ ಪ್ರಶ್ನೆ.

ಅಮ್ಮನ ಕನ್ನಡದ ಕಿವಿಗೆ ಕೇಳಿಸಿದ್ದು 'ಉಂಡನೋ' ಎಂದು. "ಇಲ್ಲ ಮಗಳೇ, ಮೂರು ದಿನದಿಂದ ಉಂಡಿಲ್ಲ" ಎಂದರು.

ಉಣ್ಣಿ ಇಲ್ಲವೆಂದು ಡಾಕ್ಟರಿಗೆ ಅರ್ಥವಾಯಿತು. ಆದರೆ ಒಳ್ಳೆಯ ವೈದ್ಯರು ಬಾಯಿಮಾತನ್ನು ಅಷ್ಟಕ್ಕೇ ನಂಬುವುದಿಲ್ಲ. ಕಿವಿ ಮಗುಚಿ ನೋಡಿದರು, ಕಾಲ್ಬೆರಳ ಸಂದಿ ಬಿಡಿಸಿ ನೋಡಿದರು. ಹುರುಳಿಕಾಳಿನಂತೆ ಊದಿದ ಉಣ್ಣಿಗಳು ಸಾಲಾಗಿದ್ದವು. ಒಸಡು ಬಿಳಿಚಿತ್ತು, ಜ್ವರವಿತ್ತು. ರಕ್ತಪರೀಕ್ಷೆಯಲ್ಲಿ ಉಣ್ಣಿಜ್ವರವೆಂದು ತಿಳಿದು ನಾಲ್ಕು ವಾರಗಳ ಮಾತ್ರೆ ಬರೆದುಕೊಟ್ಟರು. ಬೊಗ್ಗ ಉಳಿದುಕೊಂಡ. ಸಂಜೆ ಇಬ್ಬರ ಮಾತನ್ನೂ ಆಟೋದ ಹುಡುಗ ಅಭಿನಯಿಸಿ ತೋರಿಸಿದಾಗ ನಾವೆಲ್ಲ ಹೊಟ್ಟೆ ಹಿಡಿದು ನಕ್ಕೆವು. ಮಲಯಾಳದಲ್ಲಿ ಉಣ್ಣಿ ಎಂದರೆ ಮುದ್ದಿನ ಮಗು ಎಂಬ ಅರ್ಥವೂ ಇದೆಯೆಂದು ನಾನು ಹೇಳಿದ ಮೇಲೆ ಅಮ್ಮ, "ಮಗುವೂ ಹಾಗೇ ಅಲ್ಲವಾ, ಕಚ್ಚಿದರೆ ಬಿಡುವುದಿಲ್ಲ" ಎಂದುಬಿಟ್ಟರು.

ಅಂದಿನಿಂದ ನಮ್ಮಲ್ಲಿ ವಾರಕ್ಕೊಮ್ಮೆ ಉಣ್ಣಿಯ ತನಿಖೆ: ಕಿವಿಯ ಒಳಗೆ, ಕುತ್ತಿಗೆಪಟ್ಟಿಯ ಅಡಿಯಲ್ಲಿ, ಬೆರಳ ಸಂದಿಯಲ್ಲಿ, ಬಾಲದ ಬುಡದಲ್ಲಿ. ಸಿಕ್ಕಿದ ಉಣ್ಣಿಯನ್ನು ಚಿಮುಟದಿಂದ ಚರ್ಮದ ಹತ್ತಿರ ಹಿಡಿದು ನೇರವಾಗಿ ಎಳೆಯಬೇಕು. ಸೀಮೆಎಣ್ಣೆ ಸುರಿಯುವುದು, ಬೀಡಿಯ ಕೆಂಡ ತಾಗಿಸುವುದು, ಬೆರಳಲ್ಲಿ ಚಿವುಟಿ ಒಡೆಯುವುದು ಬೇಡ. ನಾಯಿಯ ಮೈಯಲ್ಲಿ ಕಾಣುವುದು ಸೈನ್ಯದ ಒಂದು ತುಕಡಿ ಮಾತ್ರ. ಹೆಣ್ಣು ಉಣ್ಣಿ ಕೆಳಗುದುರಿ ಗೋಡೆಯ ಬಿರುಕಿನಲ್ಲಿ ಸಾವಿರಗಟ್ಟಲೆ ಮೊಟ್ಟೆಯಿಡುತ್ತದೆ. ಆದ್ದರಿಂದ ನಾಯಿಗೂಡಿನ ಸಂದುಗೊಂದುಗಳನ್ನು ಸಿಮೆಂಟಿನಿಂದ ಮುಚ್ಚುವುದೂ ಚಿಕಿತ್ಸೆಯೇ. ಮಳೆಗಾಲದಲ್ಲಿ ಒದ್ದೆಯಾಗಿ ಬಂದ ನಾಯಿಯ ಕಿವಿ, ಪಾದಗಳನ್ನು ಒರೆಸಿ ಒಣಗಿಸಬೇಕು. ಇಲಿಜ್ವರ ನಾಯಿಗೂ ಬರುತ್ತದೆ, ಅದರ ಮೂತ್ರದ ಮೂಲಕ ನಮಗೂ ದಾಟಬಹುದು. ಅದಕ್ಕೂ ಚುಚ್ಚುಮದ್ದು ಉಂಟು. ಮೂಗು ತಣ್ಣಗಿದ್ದರೆ ಆರೋಗ್ಯ ಎಂಬ ಮಾತನ್ನು ಹೆಚ್ಚು ನೆಚ್ಚಬಾರದು. ಒಸಡಿನ ಬಣ್ಣ ನೋಡುವುದು ಮೇಲು: ಕಪ್ಪಿಲ್ಲದ ಜಾಗದಲ್ಲಿ ಅದು ನಸುಗೆಂಪಾಗಿರಬೇಕು. ನಾಯಿಯ ಸಹಜ ಮೈಬಿಸಿ 100.5ರಿಂದ 102.5 ಡಿಗ್ರಿ ಫಾರನ್‌ಹೀಟ್. ನಮ್ಮ ಮೈಗೆ ಹೋಲಿಸಿ 'ಜ್ವರ ಬಂತು' ಎಂದು ಗಾಬರಿಯಾಗಬೇಕಾಗಿಲ್ಲ.

ಮಾತು ಕಲಿಸುವ ವಿಷಯಕ್ಕೆ ಬರೋಣ. ಗಡಿನಾಡಿನ ನಾಯಿಯ ಕಷ್ಟ ಬೇರೆ ಊರಿನ ನಾಯಿಗಿಲ್ಲ. ಬೊಗ್ಗ ಬಂದ ಹೊಸತರಲ್ಲಿ ಅಮ್ಮ 'ಕೂರು' ಎನ್ನುವರು, ತುಳುನಾಡಿನ ಮಗಳಾದ ನನ್ನ ಹೆಂಡತಿ 'ಕುಲ್ಲು' ಎನ್ನುವಳು, ತೋಟದ ಕೆಲಸಕ್ಕೆ ಬರುವ ಮಲಯಾಳಿ ಅಣ್ಣ 'ಇರಿ' ಎನ್ನುವನು, ಮಗಳು 'ಸಿಟ್' ಎನ್ನುವಳು. ಪದವಿಯಲ್ಲಿ ಹಳಗನ್ನಡ ಓದಿದ ನನಗಂತೂ 'ಇರಿ' ಎಂದಾಗೆಲ್ಲ ಚೂರಿಯ ನೆನಪು. ಮರಿ ಪಾಪ ನಾಲ್ವರ ಮುಖವನ್ನೂ ನೋಡಿ ಕೊನೆಗೆ ನಿಂತಲ್ಲೇ ಉಚ್ಚೆ ಹೊಯ್ಯುತ್ತಿತ್ತು. ಆಗ ನಾವು ಮಾಡಿದ ನಿಯಮ ಇಷ್ಟೇ: ಒಂದು ಕೆಲಸಕ್ಕೆ ಒಂದೇ ಶಬ್ದ, ಯಾರು ಹೇಳಿದರೂ ಅದೇ ಶಬ್ದ. ದಿನವಿಡೀ ಜೊತೆಗಿರುವವರು ಅಮ್ಮನಾದ್ದರಿಂದ ಅವರ ಶಬ್ದಗಳೇ ಊರ್ಜಿತವಾದವು: ಬಾ, ಕೂರು, ನಿಲ್ಲು, ಬೇಡ, ಹೋಗು. ಹೇಳಿದಂತೆ ಮಾಡಿದ ಕೂಡಲೇ ದೋಸೆಯ ಒಂದು ಚೂರು ಮತ್ತು ಒಂದು ಒಳ್ಳೆಯ ಮಾತು. ಮಾಡದಿದ್ದರೆ ಪೆಟ್ಟಿಲ್ಲ, ಚೂರೂ ಇಲ್ಲ. ಬೆಳಿಗ್ಗೆ ಚಪ್ಪಲಿ ಕಚ್ಚಿದ್ದಕ್ಕೆ ಸಂಜೆ ಹೊಡೆದರೆ ನಾಯಿಗೆ ತಿಳಿಯುವುದು 'ಯಜಮಾನ ಸಂಜೆ ಬಂದರೆ ಹೊಡೆಯುತ್ತಾನೆ' ಎಂಬುದು ಮಾತ್ರ. ಚಪ್ಪಲಿಯ ಸಂಬಂಧ ಅದಕ್ಕೆ ಹೊಳೆಯುವುದಿಲ್ಲ.

ಇದರಿಂದ ನಾವು ಎಣಿಸದ ಒಂದು ಲಾಭವಾಯಿತು. ಮಗಳು ಓದುವುದು ಇಂಗ್ಲಿಷ್ ಮಾಧ್ಯಮದಲ್ಲಿ, ಗೆಳತಿಯರೊಡನೆ ಆಡುವುದು ಮಲಯಾಳದಲ್ಲಿ. ನಾವು ಕನ್ನಡದಲ್ಲಿ ಕೇಳಿದರೆ ಅವಳು ಬೇರೆ ಭಾಷೆಯಲ್ಲಿ ಉತ್ತರಿಸಿದರೂ ನಮಗೆ ತಿಳಿಯುತ್ತದೆ, ಹಾಗಾಗಿ ಉತ್ತರ ಬೇರೆ ಭಾಷೆಯಲ್ಲೇ ಬರುತ್ತದೆ. ಬೊಗ್ಗನ ಹತ್ತಿರ ಆ ಆಟ ನಡೆಯುವುದಿಲ್ಲ. ನಮ್ಮ ಮನೆಯಲ್ಲಿ ಪೂರ್ತಿ ಕನ್ನಡ ಮಾಧ್ಯಮದಲ್ಲಿ ಕಲಿಯುತ್ತಿರುವವನು ಅವನೊಬ್ಬನೇ. ಅವನೊಡನೆ ಆಡಬೇಕಾದರೆ ಅವಳು ಅಜ್ಜಿಯ ಕನ್ನಡವನ್ನೇ ಆಡಬೇಕು. ಐದು ಶಬ್ದಗಳಿಂದ ಸುರುವಾದದ್ದು ಈಗ ಸಂಜೆಯ ಹೊತ್ತು ಜಗಲಿಯಲ್ಲಿ ಕುಳಿತು ಅವನಿಗೆ ಶಾಲೆಯ ವರ್ತಮಾನವನ್ನೆಲ್ಲ ಹೇಳುವಲ್ಲಿಗೆ ಬಂದಿದೆ. ನಾನು ಒಳಗಿನಿಂದ ಕೇಳಿಸಿಕೊಳ್ಳುತ್ತೇನೆ, ಕೇಳಿಸಿಕೊಂಡೆನೆಂದು ಹೇಳುವುದಿಲ್ಲ.

ನಾಯಿಗೂ ತನ್ನದೇ ಭಾಷೆ ಉಂಟು, ಅದನ್ನು ನಾವೂ ಕಲಿಯಬೇಕು. ಬಾಲ ಆಡಿಸಿದ್ದೆಲ್ಲ ಸ್ನೇಹವಲ್ಲ. ಬಾಲವನ್ನು ಮೇಲೆತ್ತಿ ಬಿಗಿಯಾಗಿ ಆಡಿಸುತ್ತ ಮೈ ಸೆಟೆದು ನಿಂತರೆ ಅದು ಎಚ್ಚರಿಕೆ. ಮುಖ ತಿರುಗಿಸುವುದು, ತಿಂಡಿಯಿಲ್ಲದೆ ತುಟಿ ನೆಕ್ಕುವುದು, ನಿದ್ದೆಯಿಲ್ಲದೆ ಆಕಳಿಸುವುದು, ಕಣ್ಣಿನ ಬಿಳಿ ಕಾಣುವಂತೆ ಓರೆ ನೋಡುವುದು, ಇವೆಲ್ಲ 'ನನ್ನನ್ನು ಬಿಡಿ' ಎಂಬ ಮಾತು. ಉಣ್ಣುವಾಗ, ಮಲಗಿದಾಗ, ಮರಿಗಳ ಜೊತೆಗಿರುವಾಗ ನಾಯಿಯನ್ನು ಮುಟ್ಟಬಾರದೆಂದು ಮಕ್ಕಳಿಗೆ ಕಲಿಸಬೇಕು. ಬೆಳಗಿನಿಂದ ರಾತ್ರಿಯವರೆಗೆ ಸಂಕೋಲೆಯಲ್ಲಿ ಬಿಗಿದ ನಾಯಿ ಒಳ್ಳೆಯ ಕಾವಲುಗಾರನಾಗುವುದಿಲ್ಲ, ಕಂಡಕಂಡವರಿಗೆ ಹರಿಹಾಯುವ ರೋಗಿಯಾಗುತ್ತದೆ. ಹಾಗೆಂದು ಊರ ಮೇಲೆ ಬಿಡುವುದೂ ಸರಿಯಲ್ಲ. ನಾಯಿಯ ಜೊಲ್ಲು ತಾಗಿದರೆ ಶುದ್ಧಿ ಮಾಡಿಕೊಳ್ಳಬೇಕಾದ ಮನೆಗಳೂ ನಮ್ಮ ನೆರೆಯಲ್ಲಿವೆ. ಅವರು ನಮಾಜಿಗೆ ಹೊರಟ ಹೊತ್ತಿನಲ್ಲಿ ಬೊಗ್ಗ ನಮ್ಮ ಗೇಟಿನ ಒಳಗಿರುವುದು ನೆರೆಹೊರೆಯ ಧರ್ಮ. ದೀಪಾವಳಿಗೂ ವಿಷುವಿಗೂ ಪಟಾಕಿ ಸಿಡಿಯುವಾಗ ಅವನನ್ನು ಒಳಕೋಣೆಯಲ್ಲಿ ಬಿಟ್ಟು ರೇಡಿಯೋ ಹಾಕುತ್ತೇವೆ. ಮನುಷ್ಯನ ಕಿವಿ ಸುಮಾರು 20,000 ಹರ್ಟ್ಸ್‌ವರೆಗಿನ ಸದ್ದನ್ನು ಕೇಳಿದರೆ ನಾಯಿಯದ್ದು ಅದರ ಇಮ್ಮಡಿಗೂ ಮಿಕ್ಕಿ ಕೇಳುತ್ತದೆ. ನಮಗೆ ಹಬ್ಬವಾದದ್ದು ಅದಕ್ಕೆ ಯುದ್ಧ. ಬೆದರಿ ಓಡಿದ ಎಷ್ಟೋ ನಾಯಿಗಳಿಗೆ ಮರಳಿ ಬರುವ ದಾರಿ ಸಿಗುವುದಿಲ್ಲ.

ಇಷ್ಟೆಲ್ಲ ಬರೆದರೂ ಈ ಲೇಖನಕ್ಕೆ ಕೂರಲು ನಿಜವಾದ ಕಾರಣ ಬೇರೆ.

ಹೆಣ್ಣುನಾಯಿ ಗರ್ಭ ಧರಿಸಿ 63 ದಿನಗಳ ಸುಮಾರಿಗೆ ಮರಿ ಹಾಕುತ್ತದೆ. ಹೆಚ್ಚಿನವು ವರ್ಷಕ್ಕೆ ಎರಡು ಸಲ ಬೆದೆಗೆ ಬರುತ್ತವೆ. ಸಂತಾನಹರಣ ಶಸ್ತ್ರಕ್ರಿಯೆ ಮಾಡಿಸಲು ಹಿಂಜರಿಯುವ ನಮ್ಮ ಸಭ್ಯ ಮನೆಗಳವರು ಮಾಡುವುದೇನು? ಗಂಡುಮರಿಗಳನ್ನು ಹಂಚಿ, ಹೆಣ್ಣುಮರಿಗಳನ್ನು ಗೋಣಿಯಲ್ಲಿ ಹಾಕಿ ಇರುಳಲ್ಲಿ ಬಸ್‌ಸ್ಟ್ಯಾಂಡಿನ ಬಳಿ ಬಿಟ್ಟು ಬರುತ್ತೇವೆ. ಮರುದಿನದಿಂದ ಅವು 'ಬೀದಿನಾಯಿ'. ಆಮೇಲೆ ಬೀದಿನಾಯಿಗಳ ಹಾವಳಿಯ ಬಗ್ಗೆ ಪಂಚಾಯತಿಗೆ ಅರ್ಜಿ ಬರೆಯುವವರೂ ನಾವೇ. ಆ ಅರ್ಜಿಗಳಲ್ಲಿ ಕೆಲವನ್ನು ಕೌಂಟರಿನಲ್ಲಿ ಕುಳಿತು ನಾನೇ ಬರೆದುಕೊಟ್ಟದ್ದುಂಟು.

ಹಾಗೆ ಗೋಣಿಯಲ್ಲಿ ಬಂದ ಮರಿಯೊಂದು ಕಳೆದ ಜೂನಿನಲ್ಲಿ ನಮ್ಮ ತೋಟಕ್ಕೆ ಅಡಿಕೆ ತೆಗೆಯಲು ಬರುವವನ ಮಗಳಿಗೆ ಕಚ್ಚಿತು. ಮೂರನೆಯ ತರಗತಿಯ ಹುಡುಗಿ. ಬೈಗುಳದ ಹೆದರಿಕೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಮಜ್ಜಿಗೆಗೆಂದು ನಮ್ಮಲ್ಲಿಗೆ ಬಂದಾಗ ಮಣಿಗಂಟಿನ ಮೇಲಿನ ರಕ್ತದ ಗೀರನ್ನು ಕಂಡವರು ಅಮ್ಮ. ಗದರಿಸದೆ ಕೇಳಿದ್ದಕ್ಕೆ ಹುಡುಗಿ ಬಾಯಿಬಿಟ್ಟಳು. ಬಚ್ಚಲ ನಳ್ಳಿಯ ಕೆಳಗೆ ಕೈಯಿಟ್ಟು ಬಟ್ಟೆ ಒಗೆಯುವ ಸಾಬೂನು ಹಾಕಿ ಹದಿನೈದು ನಿಮಿಷ ಗಡಿಯಾರ ನೋಡಿ ತೊಳೆದೆವು. ಅಷ್ಟು ಹೊತ್ತು ಹುಡುಗಿ ನಿಲ್ಲಬೇಕಲ್ಲ, ಅಮ್ಮ ಪುಣ್ಯಕೋಟಿಯ ಕಥೆ ಹೇಳಿದರು. ಹುಲಿ ಬರುವಲ್ಲಿಗೆ ಹದಿನೈದು ನಿಮಿಷವಾಯಿತು.

ಅಷ್ಟರಲ್ಲಿ ತಂದೆಯೂ ನಾಲ್ಕು ನೆರೆಯವರೂ ಸೇರಿದರು. "ಚಿಕ್ಕ ಮರಿಯಲ್ಲವಾ, ಅದಕ್ಕೆ ಎಲ್ಲಿಯ ಹುಚ್ಚು?" ಎಂದರೊಬ್ಬರು. ಅರಸಿನ ಸುಣ್ಣ ಸಾಕೆಂದರು ಇನ್ನೊಬ್ಬರು. ಬೇರು ಅರೆದು ಕೊಡುವವರ ವಿಳಾಸವನ್ನು ಮತ್ತೊಬ್ಬರು ಹೇಳಿದರು.

ನನಗೆ ಆಗ ಹೊಳೆದದ್ದು ಇದು: ಈ ರೋಗದ ಹೆಸರೇ ನಮ್ಮನ್ನು ದಾರಿ ತಪ್ಪಿಸುತ್ತಿದೆ. ಕನ್ನಡದಲ್ಲಿ ಹುಚ್ಚುನಾಯಿ, ಮಲಯಾಳದಲ್ಲಿ ಪೇಪಟ್ಟಿ. ಎರಡು ಭಾಷೆಯವರೂ ನಾಯಿ ಜೊಲ್ಲು ಸುರಿಸಿ ಕೆರಳಿ ಓಡುವ ಚಿತ್ರವನ್ನೇ ಕಾಯುತ್ತಾರೆ. ರೋಗ ಹತ್ತಿದ ಕೆಲವು ನಾಯಿಗಳು ಕೆರಳುವುದೇ ಇಲ್ಲ. ದವಡೆ ಜೋತು, ಮಂಕಾಗಿ ಮೂಲೆ ಸೇರಿ ಸಾಯುತ್ತವೆ. ಲಕ್ಷಣ ಕಾಣುವ ಕೆಲವು ದಿನ ಮೊದಲೇ ಜೊಲ್ಲಿನಲ್ಲಿ ರೋಗಾಣು ಇರುತ್ತದೆ. ಮರಿಗೂ ಬರುತ್ತದೆ, ಬೆಕ್ಕಿಗೂ ಬರುತ್ತದೆ. ಮನುಷ್ಯರಲ್ಲಿ ಲಕ್ಷಣ ತೋರಿದ ಮೇಲೆ ಉಳಿಸುವ ಮದ್ದು ಇಲ್ಲವೆಂದೇ ತಿಳಿಯಬೇಕು. ಅದಕ್ಕಿಂತ ಮೊದಲು ಹೋದರೆ ತಡೆಯುವ ಮದ್ದು ಸರಕಾರಿ ಆಸ್ಪತ್ರೆಯಲ್ಲೇ ಉಂಟು. ಕಚ್ಚಿದ ನಾಯಿ ಸಿಕ್ಕಿದರೆ ಹತ್ತು ದಿನ ಕಟ್ಟಿಹಾಕಿ ನೋಡಬಹುದು, ಆದರೆ ಚುಚ್ಚುಮದ್ದನ್ನು ಆ ಹತ್ತು ದಿನಕ್ಕೆ ಕಾಯಿಸಬಾರದು. ನಮ್ಮ ಹುಡುಗಿಗೆ ಕಚ್ಚಿದ ಮರಿಯಂತೂ ಅಂದು ಸಂಜೆಗೇ ಕಾಣೆಯಾಗಿತ್ತು.

"ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಅಲ್ಲವಾ ಅಣ್ಣೇರೆ? ಮಗು ತಡೆದುಕೊಂಡೀತಾ?" ಎಂದು ತಂದೆ ಕೇಳಿದ. ಆ ಹೆದರಿಕೆ ಅಜ್ಜನ ಕಾಲದ್ದು. 1885ರಲ್ಲಿ ಪ್ಯಾರಿಸಿನಲ್ಲಿ ಲೂಯಿ ಪಾಶ್ಚರ್ ಒಂಬತ್ತು ವರ್ಷದ ಹುಡುಗನಿಗೆ ಮೊದಲು ಈ ಮದ್ದು ಕೊಡಿಸಿದ. ನಮ್ಮ ನೀಲಗಿರಿಯ ಕೂನೂರಿನಲ್ಲಿ ಪಾಶ್ಚರ್ ಸಂಸ್ಥೆ ಸುರುವಾದದ್ದು 1907ರಲ್ಲಿ. ಕುರಿಯ ಮಿದುಳಿನಿಂದ ಮಾಡಿದ, ಹೊಟ್ಟೆಗೆ ಚುಚ್ಚುತ್ತಿದ್ದ ಹಳೆಯ ಮದ್ದಿನ ತಯಾರಿ ನಮ್ಮ ದೇಶದಲ್ಲಿ 2004ರ ಕೊನೆಯ ಹೊತ್ತಿಗೆ ನಿಂತಿತು. ಈಗ ಚುಚ್ಚುವುದು ತೋಳಿಗೆ. ಹೆಚ್ಚಿನ ಸರಕಾರಿ ಆಸ್ಪತ್ರೆಗಳಲ್ಲಿ ನಾಲ್ಕು ಭೇಟಿ. ರಕ್ತ ಬಂದ ಗಾಯವಾದರೆ ಮೊದಲ ದಿನ ಗಾಯದ ಸುತ್ತ ಇಮ್ಯುನೋಗ್ಲೋಬ್ಯುಲಿನ್ ಎಂಬ ಇನ್ನೊಂದು ಮದ್ದನ್ನೂ ಕೊಡುತ್ತಾರೆ. ಇಷ್ಟು ಹೇಳಿ ಅಂದೇ ರಾತ್ರಿ, ಜೂನ್ 12ರಂದು, ಹುಡುಗಿಯನ್ನು ಆಸ್ಪತ್ರೆಗೆ ಕರೆದೊಯ್ದೆವು. ಎರಡೂ ಮದ್ದು ಸಿಕ್ಕಿತು.

ಒಂದು ವಾರ ಕಳೆದು ತಂದೆ ಬ್ಯಾಂಕಿಗೆ ಬಂದ. ಮೂರು ಭೇಟಿ ಮುಗಿದಿತ್ತು. "ಇನ್ನೊಂದು ಬಾಕಿ, 28ನೇ ತಾರೀಕಿಗೆ. ಅಂದು ಕೆಲಸಕ್ಕೆ ಬರುವುದಿಲ್ಲ ಅಣ್ಣೇರೆ" ಎಂದ. ಕಾರ್ಡು ಕೇಳಿ ನೋಡಿದೆ. ಸೊನ್ನೆ, ಮೂರು, ಏಳು, ಇಪ್ಪತ್ತೆಂಟು ಎಂದು ಅಂಕಿಗಳು; ಅವು ಮೊದಲ ಚುಚ್ಚುಮದ್ದಿನಿಂದ ಎಣಿಸಬೇಕಾದ ದಿನಗಳೆಂಬ ವಿವರಣೆ ಮಲಯಾಳದಲ್ಲಿ. ಅವನು ಮಲಯಾಳವನ್ನು ನನಗಿಂತ ಚೆನ್ನಾಗಿ ಮಾತಾಡುತ್ತಾನೆ. ಅಕ್ಷರ ಕಲಿತದ್ದು ಮಾತ್ರ ಕನ್ನಡ ಶಾಲೆಯಲ್ಲಿ, ಮಲಯಾಳ ಲಿಪಿ ಓದಲು ಬಾರದು. ನಮ್ಮ ಊರುಗಳಲ್ಲಿ ಇಂಥವರು ಎಷ್ಟು ಮಂದಿ! ಜೂನ್ 12ರಿಂದ ಇಪ್ಪತ್ತೆಂಟನೆಯ ದಿನವೆಂದರೆ ಜುಲೈ 10. ಕೌಂಟರಿನ ಹಿಂದಿನ ಕ್ಯಾಲೆಂಡರಿನಲ್ಲಿ ಬೆರಳಿಟ್ಟು ಇಬ್ಬರೂ ಎಣಿಸಿದೆವು. ತಾರೀಕು ತಪ್ಪಾದ ಚೆಕ್ಕನ್ನು ದಿನವೂ ಮರಳಿಸುವ ಕೆಲಸ ನನ್ನದು. ಅಂಥ ಚೆಕ್ಕನ್ನು ಮತ್ತೆ ಬರೆದು ತರಬಹುದು.

ಕನ್ನಡದಲ್ಲಿ ಫಲಕ ಬೇಕು, ಕನ್ನಡದಲ್ಲಿ ಫಾರಂ ಬೇಕು ಎಂದು 1956ರಿಂದಲೂ ನಾವು ಮನವಿ ಕೊಡುತ್ತ ಬಂದಿದ್ದೇವೆ. 'ಮಲಯಾಳ ಬರುತ್ತದಲ್ಲ, ಮತ್ತೆಂತಕ್ಕೆ?' ಎಂದು ಕೇಳುವವರೂ ಇದ್ದಾರೆ. ಅವರಿಗೆ ಆ ಕಾರ್ಡನ್ನು ತೋರಿಸಬೇಕೆನಿಸಿತು. ತೋರಿಸುವ ಬದಲು ನನ್ನ ಪಕ್ಕದ ಕೌಂಟರಿನ ಮಲಯಾಳಿ ಗೆಳೆಯನೊಡನೆ ಕುಳಿತು ಒಂದು ಹಾಳೆ ಬರೆದೆವು, ಎಡಕ್ಕೆ ಕನ್ನಡ, ಬಲಕ್ಕೆ ಮಲಯಾಳ: ನಾಯಿ ಬೆಕ್ಕು ಕಚ್ಚಿದರೆ, ಪರಚಿದರೆ ಸಾಬೂನು ನೀರಿನಲ್ಲಿ ಹದಿನೈದು ನಿಮಿಷ ತೊಳೆಯಿರಿ. ಏನನ್ನೂ ಹಚ್ಚಬೇಡಿ. ಅಂದೇ ಆಸ್ಪತ್ರೆಗೆ ಹೋಗಿ. ಮುಂದಿನ ದಿನಗಳ ತಾರೀಕನ್ನು, ತಿಂಗಳ ಹೆಸರು ಸಹಿತ, ನಿಮಗೆ ಓದಲು ಬರುವ ಭಾಷೆಯಲ್ಲಿ ಬರೆಸಿಕೊಳ್ಳಿ. ಮಗು ಹೇಳಿದರೆ ಬೈಯಬೇಡಿ.

ಕೊನೆಯ ಸಾಲು ಅಮ್ಮನದ್ದು. ವಾಚನಾಲಯದಲ್ಲಿ, ಹಾಲಿನ ಸೊಸೈಟಿಯಲ್ಲಿ, ಎರಡು ಶಾಲೆಗಳಲ್ಲಿ ಹಾಳೆ ಅಂಟಿಸಿದ್ದೇವೆ. ಜುಲೈ 10ರಂದು ಹುಡುಗಿಯ ನಾಲ್ಕನೆಯ ಚುಚ್ಚುಮದ್ದು ಮುಗಿಯಿತು. ಸೆಪ್ಟೆಂಬರ್ 28, ಪಾಶ್ಚರ್ ತೀರಿಕೊಂಡ ದಿನ, ವಿಶ್ವ ರೇಬೀಸ್ ದಿನ. ಆ ಹೊತ್ತಿಗೆ ಊರಿನ ನಾಯಿಗಳಿಗೆಲ್ಲ ಒಂದು ಚುಚ್ಚುಮದ್ದಿನ ಶಿಬಿರ ಮಾಡಿಸಬೇಕೆಂದು ಮೃಗಾಸ್ಪತ್ರೆಯ ಆ ಡಾಕ್ಟರಲ್ಲಿ ಮಾತಾಡಿದ್ದೇವೆ. ಅವರು ಈಗ ಕನ್ನಡದಲ್ಲಿ 'ಊಟ ಮಾಡಿದನಾ?' ಎಂದು ಕೇಳಲು ಕಲಿತಿದ್ದಾರೆ.

ಓದುಗರಲ್ಲಿ ಒಂದೇ ಬಿನ್ನಹ. ಈ ಸಂಚಿಕೆಯನ್ನು ಮಡಚಿಟ್ಟ ಮೇಲೆ ಕಪಾಟಿನಲ್ಲೋ ಪತ್ತಾಯದ ಮೇಲೋ ಇರುವ ನಿಮ್ಮ ನಾಯಿಯ ಕಾರ್ಡನ್ನು ಹುಡುಕಿ ತೆಗೆಯಿರಿ. ಮುಂದಿನ ಕಂತಿನ ತಾರೀಕನ್ನು ಗೋಡೆಯ ಕ್ಯಾಲೆಂಡರಿನಲ್ಲಿ, ಮನೆಯ ಅಜ್ಜಿಯಿಂದ ಮೊಮ್ಮಗುವಿನವರೆಗೆ ಎಲ್ಲರೂ ಓದುವಂತೆ ದೊಡ್ಡಕ್ಷರದಲ್ಲಿ ಬರೆದಿಡಿ. ಕಾರ್ಡೇ ಇಲ್ಲದಿದ್ದರೆ ನಾಳೆ ಬೆಳಿಗ್ಗೆ ಖಾತೆ ತೆರೆಯಿರಿ. ಈ ಖಾತೆಗೆ ಕನಿಷ್ಠ ಠೇವಣಿಯೂ ಬೇಡ, ಜಾಮೀನೂ ಬೇಡ.